ಜಲಸಾ ಅಲ್ರಿ, ಜಳಕ

ಗೆಳೆಯರೇ, ಇಂದು ಆಳಂದದ ಅದಾಲತ್ತಿನಲ್ಲಿ ಒಂದು ಜಳಕದ ವಿಚಾರಣೆ ನಡೆಯಿತು. ಹೈದರಾಬಾದಿನ ಸರ್ಕಾರದ ಪರವಾನಗಿ ಇಲ್ಲದೆ ಜಲಸಾ, ಅಂದರೆ ಸಭೆ, ಕರೆದನೆಂದು ನಿಂಬರ್ಗಾದ ಚನ್ನಪ್ಪನನ್ನು ಹಿಡಿದು ತಂದಿದ್ದರು. ಸಾಬೀತಾದರೆ ಜೈಲು. "ಜಲಸಾ" ಎಂದು ಮನೆಮನೆಗೆ ಕೂಗಿದ್ದನ್ನು ಕಿವಿಯಾರೆ ಕೇಳಿದೆನೆಂದು, ಕನ್ನಡ ಬಾರದ ಪೊಲೀಸಪ್ಪ ಆಣೆ ಮಾಡಿದ.

ಚನ್ನಪ್ಪನ ವಕೀಲರು ಎದ್ದರು. "ಹುಜೂರ್, ಇಂವ ಹಳ್ಳಕ್ಕ ಜಳಕಕ್ಕ ಬರ್ರಿ ಅಂದಾನ. ಮೈ ತೊಳ್ಕೊಳ್ಳಾಕೂ ಹೈದರಾಬಾದಿನ ಪರವಾನಗಿ ಬೇಕೇನ್ರಿ?"

ಮುನ್ಸೀಫರು ನಕ್ಕು ಬಿಡುಗಡೆ ಮಾಡಿದರು. ನನಗೇಕೋ ಅನುಮಾನ. ಹೊರಗೆ ಚನ್ನಪ್ಪನನ್ನು ಮೆಲ್ಲಗೆ ಕೇಳಿದೆ: "ಲೇ, ಖರೇನ ಜಳಕಾ ಮಾಡಿದ್ರೇನು?"

"ಹೌದ್ರಿ. ಒಬ್ಬೊಬ್ಬರೇ ಎದ್ದು ನಿಂತು ಮಾಡಿದ್ವಿ. ಉಳಿದವ್ರು ಚಪ್ಪಾಳಿ ಹೊಡದ್ರು."

ನಾಳೆಯ ಜಳಕಕ್ಕೆ ನನಗೂ ಕರೆ ಬಂದಿದೆ, ಟವೆಲು ಬೇಡವಂತೆ. ಆ ಪೊಲೀಸಪ್ಪ ಕನ್ನಡ ಕಲಿಯುವವರೆಗಾದರೂ ನಾವೆಲ್ಲ ಶುಚಿಯಾಗಿರೋಣ.