ಬೇಸಿಗೆಯ ಸೆಟ್ಟಿಂಗು

ಗಂಡ ಸತ್ತಾಗ ಮಾಲಾ ಅಳಲಿಲ್ಲ. ಸಿಂದಗಿಯ ಅವರ ಓಣಿ ಇದನ್ನು ಇನ್ನೂ ಮರೆತಿಲ್ಲ. ಗಂಡನ ಊರು ದೇವಣಗಾಂವದಿಂದ ಬಂದ ಹೆಂಗಸರು ಹೆಣದ ಸುತ್ತ ಕೂತು ಬಸವಂತರಾಯನ ಗುಣಗಳನ್ನೆಲ್ಲ ಎತ್ತಿ ಹಾಡಿಕೊಂಡು ಅತ್ತರು. ನಡುನಡುವೆ ಅವಳ ಭುಜ ಹಿಡಿದು ಅಲುಗಾಡಿಸಿದರು. “ಅಳವ್ವ, ಎದಿ ಹಗರ ಆಗ್ತೈತಿ” ಎಂದರು. ಅವಳು ನೆರೆಮನೆಯಿಂದ ಬಂದ ಚಹಾ ಎಲ್ಲರಿಗೂ ಮುಟ್ಟಿತೇ ಎಂದು ಕೇಳಿದಳು. ಅಷ್ಟೇ ಸಾಕಾಯಿತು. ಕಲ್ಲೆದೆಯವಳು ಎಂದು ಮೂರನೇ ದಿನಕ್ಕೇ ಹೆಸರಿಟ್ಟರು. ಹೆಸರಿಟ್ಟವರ ಗಂಡಂದಿರು ಗಟ್ಟಿಮುಟ್ಟಾಗಿದ್ದರು ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಮಾಲಾಳಿಗೆ ಆದದ್ದು ಇಷ್ಟು: ಒಳಗೆ ಏನೂ ಆಗಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಬಾಯಿ ಮಾತಾಡುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು. ರೊಟ್ಟಿ ಬಡಿದಳು, ಅತ್ತೆ ರೇವವ್ವನಿಗೆ ಉಣಬಡಿಸಿದಳು, ದಿನಕರ್ಮ ಮುಗಿದ ಮರುದಿನವೇ ಮುಂದಿನ ಕೋಣೆಯ ಬಾಗಿಲು ತೆಗೆದು ಕೆಲಸಕ್ಕೆ ಕೂತಳು.

ಆ ಮುಂದಿನ ಕೋಣೆಯೇ ಅವರ ಸ್ಟುಡಿಯೊ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಬಸವಂತರಾಯ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಮದುವೆಗಳಿಗೆ ಹೋಗುತ್ತಿದ್ದ. ಅವನು ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಚ್ಚಿ ವಿಡಿಯೊ ಮಾಡುವುದು ಮಾಲಾಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಿದ್ದಳು. ಮನೆಯಲ್ಲಿ ಸಿಡಿಲು ಬಿದ್ದರೂ ಅವಳಿಗೆ ಗೊತ್ತಾಗುವುದಿಲ್ಲ ಎಂದು ರೇವವ್ವ ಬಂದವರ ಮುಂದೆಲ್ಲ ಚಾಡಿ ಹೇಳುತ್ತಿದ್ದಳು.

ಬಸವಂತರಾಯನಿಗೆ ಎರಡು ಹುಚ್ಚು. ಒಂದು ಸೀತನಿ, ಎಳೆ ಜೋಳದ ತೆನೆ ಸುಟ್ಟು ಬಿಸಿಬಿಸಿ ಮುಕ್ಕುವುದು. ಇನ್ನೊಂದು ಆ ಕೋಣೆಯ ಕಂಪ್ಯೂಟರ್. ಕಂಪ್ಯೂಟರಿನ ಪ್ರೊಸೆಸರಿಗೆ ಕಂಪನಿಯವರು ಇಷ್ಟೇ ಓಡಬೇಕು ಎಂದು ಒಂದು ವೇಗ ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಹೆಚ್ಚು ಓಡಿಸುವುದು ಅವನ ಚಟ. ಯಂತ್ರ ಚಾಲೂ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುವನು. ಮದರ್‌ಬೋರ್ಡಿನ ಸೆಟ್ಟಿಂಗುಗಳ ಪರದೆ ತೆರೆಯುವುದು. ಅಲ್ಲಿ ವೇಗ ಒಂದಿಷ್ಟು ಏರಿಸುವುದು, ಅದು ತಡೆಯಲೆಂದು ವೋಲ್ಟೇಜು ಕೂದಲೆಳೆಯಷ್ಟು ಏರಿಸುವುದು, ಆಮೇಲೆ ಯಂತ್ರ ನಿಲ್ಲುತ್ತದೋ ಮಕಾಡೆ ಬೀಳುತ್ತದೋ ಎಂದು ಗಲ್ಲಕ್ಕೆ ಕೈಹಚ್ಚಿ ಕಾಯುವುದು. ಬಿದ್ದರೆ ಮತ್ತೆ ಮೊದಲಿನಿಂದ. ಹೆಂಡತಿಯ ಸಿಟ್ಟನ್ನು ಇಷ್ಟು ತಾಳ್ಮೆಯಿಂದ ಅವನು ಎಂದೂ ಅಭ್ಯಾಸ ಮಾಡಲಿಲ್ಲ.

ಹೀಗೆ ವರ್ಷಗಟ್ಟಲೆ ತಿದ್ದಿ ತೀಡಿ ಎರಡು ಸೆಟ್ಟಿಂಗು ಮಾಡಿಟ್ಟಿದ್ದ. ಚಳಿಗಾಲಕ್ಕೆ ನಾಲ್ಕು ಪಾಯಿಂಟ್ ಎಂಟು ಗಿಗಾಹರ್ಟ್ಸ್. ಬೇಸಿಗೆಗೆ ನಾಲ್ಕು ಪಾಯಿಂಟ್ ಎರಡು. ಶಿವರಾತ್ರಿ ದಾಟಿದ ಮೇಲೆ ಇಳಿಸುವನು, ಮಳೆ ಬಿದ್ದು ಹವೆ ತಂಪಾದ ಮೇಲೆ ಏರಿಸುವನು. ನಮ್ಮ ಕಡೆಯ ಬಿಸಿಲಿಗೆ ಮನುಷ್ಯರೇ ಮಧ್ಯಾಹ್ನ ನೆರಳಿಗೆ ಬೀಳುತ್ತಾರೆ. ಯಂತ್ರಕ್ಕೂ ಅಷ್ಟು ಸಡಿಲು ಕೊಡಬೇಕು ಎನ್ನುತ್ತಿದ್ದ. ಶಿವರಾತ್ರಿಗೆ ಮೊದಲು ಒಮ್ಮೆಯೂ ಇಳಿಸಿದವನಲ್ಲ. ಚಳಿಯಲ್ಲಿ ಸಿಗುವ ಪುಕ್ಕಟೆ ವೇಗವನ್ನು ಬಿಡುವುದೆಂದರೆ ಅವನಿಗೆ ಬೆಳೆದ ಸೀತನಿ ಬಿಟ್ಟಷ್ಟೇ ಸಂಕಟ.

ಅವನು ಹೋದದ್ದು ಸಂಕ್ರಮಣ ಮುಗಿದ ವಾರ. ಇಂಡಿಯಲ್ಲಿ ಯಾರದೋ ನಿಶ್ಚಯವಿತ್ತು. ಕ್ಯಾಮರಾ ಸ್ಟ್ಯಾಂಡು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದವನು ನಡುವೆಯೇ ಕೂತ, ಕೂತವನು ಏಳಲಿಲ್ಲ. ನಲವತ್ನಾಲ್ಕು ವಯಸ್ಸು.

ಮಾಲಾ ಅವನ ಅಂಗಿಗಳನ್ನು ಕೊಟ್ಟಳು, ಚಪ್ಪಲಿ ಕೊಟ್ಟಳು, ಗಾಡಿಯನ್ನು ಮೈದುನನಿಗೆ ಒಪ್ಪಿಸಿದಳು. ಯಾವುದಕ್ಕೂ ಹಿಂದೆಮುಂದೆ ನೋಡಲಿಲ್ಲ. ಕಂಪ್ಯೂಟರಿನ ಒಳಗಿನ ಚಳಿಗಾಲದ ಆ ಅಂಕಿಯನ್ನು ಮಾತ್ರ ಮುಟ್ಟಲಾರದಾದಳು. ಮಳೆಗಾಲ ಮುಗಿದಾಗ ಅವನ ಬೆರಳು ಒತ್ತಿ ಇಟ್ಟ ಅಂಕಿ ಅದು, ಹಾಗೇ ಓಡುತ್ತಿದೆ, ಇಳಿಸಿದರೆ ಅವನು ಮಾಡಿಟ್ಟ ಕಡೆಯ ಕೆಲಸವೂ ಹೋಯಿತು. ಹೀಗೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ ಎಂದು ಅವಳಿಗೇ ಗೊತ್ತಿತ್ತು.

ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಬಿಸಿಲು ಏರಿತು. ಕಂಪ್ಯೂಟರ್ ಕೆಲಸದ ನಡುವೆ ಪುಸಕ್ಕನೆ ಆರತೊಡಗಿತು.

ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ನಿಜಾಮುದ್ದೀನ ಬಸವಂತರಾಯನ ಸಾಲೆಯ ಗೆಳೆಯ. ಕಂಪ್ಯೂಟರ್ ಕೆಟ್ಟ ಸುದ್ದಿ ಕೇಳಿ ಬಂದು ಬಾಗಿಲಲ್ಲೇ ನಿಂತ.

“ವೈನಿ, ಬೋರ್ಡಿನ ಮ್ಯಾಲಿನ ಸಣ್ಣ ಸೆಲ್ ಐದು ಮಿನೀಟ ತಗದ ಹಾಕಿದ್ರ ಎಲ್ಲಾ ಸೆಟ್ಟಿಂಗ್ ಅಳಿಸಿ ಕಂಪನಿಯವರು ಕೊಟ್ಟಂಗ ಆಗ್ತೈತಿ. ಮಾಡ್ಲೇನು?”

“ಬ್ಯಾಡ ನಿಜಾಮಣ್ಣ.”

“ಹಿಂಗ ಬಿಟ್ರ ಬೋರ್ಡ ಸುಟ್ಟ ಹೋಗ್ತೈತ್ರಿ.”

“ಹೋದ್ರ ಹೋಗ್ಲಿ.”

ನಿಜಾಮುದ್ದೀನ ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ನೋಡಿದ. ತಂದಿದ್ದ ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿಕೊಂಡು ಹೋದ.

ಮಾಲಾ ತನಗೆ ತಿಳಿದ ಉಪಾಯ ಮಾಡಿದಳು. ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿಟ್ಟು, ಒಳಮನೆಯ ಕೂಲರನ್ನು ಎಳೆದು ತಂದು ಅದರ ಮುಖಕ್ಕೆ ತಿರುಗಿಸಿದಳು. ತಾನು ಬೆವರಿಳಿಸುತ್ತ ಕೂತಳು, ಯಂತ್ರಕ್ಕೆ ತಂಪು ಗಾಳಿ ಬಿಟ್ಟಳು. ಬೋರಿನ ಸವಳು ನೀರು, ಒಣ ಹುಲ್ಲಿನ ಜಾಳಿಗೆ, ಅದರೊಳಗಿಂದ ಭುಸುಗುಡುತ್ತ ಬರುವ ಹಸಿ ಗಾಳಿ. ಎರಡು ದಿನ ಚೆನ್ನಾಗಿ ನಡೆಯಿತು. ಗೆದ್ದೆ ಅಂದುಕೊಂಡಳು. ಮೂರನೇ ದಿನ ಮತ್ತೆ ಆರಿತು. ಆಮೇಲೆ ದಿನಕ್ಕೆ ಹತ್ತು ಸಲ ಆರತೊಡಗಿತು. ಅವಳು ಕೂಲರನ್ನು ಇನ್ನೂ ಸಮೀಪ ಸರಿಸಿದಳು.

ಆಗ ಕೈಯಲ್ಲಿದ್ದದ್ದು ಮನಗೂಳಿಯ ಮದುವೆ, ಬಸವಂತರಾಯ ತೆಗೆದ ಕಡೆಯ ಮದುವೆ. ಹುಡುಗಿಯ ತಂದೆ ಗುರುಲಿಂಗಪ್ಪ ಕಾಳಿನ ವ್ಯಾಪಾರಿ, ಸಮಾಧಾನದ ಮನುಷ್ಯ. ತಿಂಗಳುಗಟ್ಟಲೆ ಸುಮ್ಮನಿದ್ದ. ಒಂದು ದಿನ ಫೋನು ಮಾಡಿದ.

“ತಂಗೀ, ಅವಸರ ಮಾಡಾಕತ್ತಿಲ್ಲ. ಮಗಳ ಐದ ತಿಂಗಳ ಕುಬಸ ಐತಿ, ತವರಿಗೆ ಬರ್ತಾಳ. ಲಗ್ನದ ವಿಡಿಯೊಕ್ಕಿಂತ ಮೊದಲ ತೊಟ್ಟಲದ ವಿಡಿಯೊ ಬಂದೀತು ಅಂತ ಬೀಗರು ನಗ್ಯಾಡಾಕತ್ತಾರ, ಅದಕ್ಕ ಕೇಳಿದೆ.”

“ಈ ವಾರ ಕೊಡ್ತೇನಿ ಕಾಕಾರ” ಎಂದಳು ಮಾಲಾ.

ಆ ಮದುವೆಯ ತುಂಬ ಬಸವಂತರಾಯನ ದನಿ ಇತ್ತು. ಮುಖವಿಲ್ಲ, ದನಿ ಮಾತ್ರ. “ಈ ಕಡೆ ನೋಡ್ರಿ.” “ಅಜ್ಜಾರ, ಸ್ವಲ್ಪ ಸರೀರಿ.” “ನಗ್ರಿ ತಂಗೀ, ಲಗ್ನ ನಿಮ್ದ ಐತಿ.” ಫೋಟೊದವನ ದನಿಯನ್ನು ತೆಗೆದು ಹಾಕುವುದು ಈ ಕೆಲಸದ ರಿವಾಜು. ಹದಿನೈದು ವರ್ಷ ಮಾಡಿದ್ದನ್ನೇ ಮಾಲಾ ಈಗಲೂ ಮಾಡಿದಳು. ದನಿ ಬಂದಲ್ಲಿ ಕತ್ತರಿಸಿದಳು, ಮೇಲೆ ಸನಾದಿ ಹಚ್ಚಿದಳು. ದನಿಯ ಹಿಂದೆಮುಂದೆ ಮೈಕಿಗೆ ತಾಗಿದ ಒಂದು ಗೊರಗೊರ ಸದ್ದು ಇತ್ತು, ಅದನ್ನೂ ಕತ್ತರಿಸಿದಳು. ಈ ಮದುವೆಯಲ್ಲಿ ಗಾಳಿಯ ಗಲಾಟೆ ಬಹಳ ಎಂದುಕೊಂಡಳು. ಮಜ್ಜಿಗೆಯಲ್ಲಿ ಬಿದ್ದ ಕೂದಲು ತೆಗೆದಂತೆ ತೆಗೆಯುತ್ತ ಹೋದಳು.

ಎಲ್ಲ ಜೋಡಿಸಿ ಮುಗಿಸಿ ವಿಡಿಯೊ ತಯಾರಾಗಲು ಹಚ್ಚಿದರೆ, ಸರಿಯಾಗಿ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಕಂಪ್ಯೂಟರ್ ಆರುತ್ತಿತ್ತು. ಒಮ್ಮೆಯಲ್ಲ, ಹಚ್ಚಿದಾಗಲೆಲ್ಲ. ಅಂದು ಮಧ್ಯಾಹ್ನ ಮತ್ತೆ ಆರಿದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯೂ ಬಂತು. ಮಾಲಾ ಕಪ್ಪು ಪರದೆಯ ಮುಂದೆ ಸುಮ್ಮನೆ ಕೂತಳು. ಇನ್ನು ಎರಡರಲ್ಲಿ ಒಂದು. ಅವನ ಅಂಕಿ ಉಳಿಯಬೇಕು, ಇಲ್ಲವೇ ಅವನ ಯಂತ್ರ ಉಳಿಯಬೇಕು. ಯಂತ್ರ ಹೋದರೆ ಮನಗೂಳಿಯ ಹುಡುಗಿಯ ಮದುವೆಯೂ ಹೋದಂತೆ, ಈ ಮನೆಯ ಅನ್ನವೂ ಹೋದಂತೆ.

“ಇಳಸ್ತೇನಿ” ಎಂದಳು ಗಟ್ಟಿಯಾಗಿ. ಫೋಟೊಗೆ ಹೇಳಿದಳೋ ತನಗೆ ಹೇಳಿಕೊಂಡಳೋ ತಿಳಿಯದು. ಬಟನ್ ಒತ್ತಿದಳು. ಡಿಲೀಟ್ ಕೀ ಒತ್ತಿ ಹಿಡಿದಳು.

ಪರದೆ ತೆರೆಯಿತು. ಮೇಲೆಯೇ ವೇಗದ ಅಂಕಿ ಇತ್ತು. ನಾಲ್ಕು ಪಾಯಿಂಟ್ ಎರಡು.

ತಪ್ಪಾಗಿ ಓದಿದೆ ಎಂದು ಸೆರಗಿನಿಂದ ಪರದೆ ಒರೆಸಿದಳು. ನಾಲ್ಕು ಪಾಯಿಂಟ್ ಎರಡೇ. ಬೇಸಿಗೆಯ ಸೆಟ್ಟಿಂಗು. ಅವನ ಹೊರತು ಈ ಪರದೆಯನ್ನು ಮುಟ್ಟುವವರು ಯಾರೂ ಇರಲಿಲ್ಲ, ಅವನು ಹೋದ ಮೇಲಂತೂ ಯಾರೂ ಮುಟ್ಟಿಲ್ಲ. ಹಾಗಾದರೆ ಅವನೇ ಇಳಿಸಿದ್ದಾನೆ, ಸಾಯುವ ಮೊದಲು, ಶಿವರಾತ್ರಿ ಇನ್ನೂ ದೂರವಿದ್ದಾಗ, ಕೊರೆಯುವ ಚಳಿಯಲ್ಲಿ. ಇಷ್ಟು ದಿನ ಅವಳು ಕಾದದ್ದು ಇಲ್ಲದ ಅಂಕಿಯನ್ನು.

ಎಳ್ಳಮಾಸಿ ನೆನಪಾಯಿತು. ಸಂಕ್ರಮಣಕ್ಕೆ ಮೊದಲಿನ ಆ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಭೂಮಿತಾಯಿಗೆ ಚರಗ ಚೆಲ್ಲಲು ದೇವಣಗಾಂವದ ಹೊಲಕ್ಕೆ ಹೋಗಿದ್ದರು. ಎಂದೂ ತಪ್ಪಿಸದ ಬಸವಂತರಾಯ ಮೊದಲ ಸಲ ಮನೆಯಲ್ಲಿ ಉಳಿದಿದ್ದ. “ಮನಗೂಳಿ ಲಗ್ನದ ಕಾಪಿ ಹಚ್ಚೇನಿ, ನೀವು ಹೋಗ್ರಿ” ಎಂದಿದ್ದ. ಮರುದಿನ ಕೆಲಸಕ್ಕೆ ಕೂತ ಮಾಲಾ ಅವನ ಮೇಲೆ ಹಾರಾಡಿದ್ದಳು. “ಯಾಕ ಇದು ಇಷ್ಟ ಮೆಲ್ಲಗ ನಡದೈತಿ? ಏನ ಮಾಡೀರಿ?” ಅವನು ನಕ್ಕಿದ್ದ. “ನಡೀತೈತಿ ಬಿಡು. ಎಲ್ಲಿಗೆ ಓಡಿ ಹೋಗೂದೈತಿ?” ಅವರಿಬ್ಬರ ನಡುವೆ ನಡೆದ ಕಡೆಯ ಜಗಳ ಅದು, ಅದೂ ಪೂರಾ ಆಗಲಿಲ್ಲ.

ಫೋನು ಹಚ್ಚಿ ನಿಜಾಮುದ್ದೀನನನ್ನು ಕರೆದಳು. ಅವನು ಬಂದು ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿದ. ಫ್ಯಾನಿನ ಕೆಳಗೆ ಕಾವು ಹೊರಗೆ ಹಾಕುವ ತಗಡಿನ ಎಸಳುಗಳಿರುತ್ತವೆ; ಅವುಗಳ ಸಂದಿಯೇ ಕಾಣಲಿಲ್ಲ. ಬಸವಂತರಾಯ ಹೋದ ಮೇಲೆ ಯಾರೂ ಒರೆಸದ ಧೂಳು, ಅದರ ಮೇಲೆ ಕೂಲರಿನ ಹುಲ್ಲಿನ ನಾರು, ಸವಳು ನೀರಿನ ಬಿಳಿ ಸುಣ್ಣ, ಎಲ್ಲ ಕೂಡಿ ಕಂಬಳಿಯ ಹಾಗೆ ಗಟ್ಟಿ ಕೂತಿತ್ತು. ನಿಜಾಮುದ್ದೀನ ಉಗುರಿನಿಂದ ಕಿತ್ತು ಅಂಗೈ ಮೇಲೆ ಇಟ್ಟು ತೋರಿಸಿದ.

“ಸ್ಪೀಡಿಂದಲ್ರಿ ವೈನಿ. ಉಸಿರ ಕಟ್ಟೈತಿ.”

“ಇದನ್ನ ಅವರು ಎಳ್ಳಮಾಸಿಗೇ ಇಳಿಸ್ಯಾರ” ಎಂದಳು ಮಾಲಾ. “ಯಾಕ ಇಳಿಸಿದ್ರು ನಿಜಾಮಣ್ಣ?”

ನಿಜಾಮುದ್ದೀನ ಬ್ರಶ್ಶು ಹಿಡಿದು ಎಸಳುಗಳನ್ನು ತಿಕ್ಕುತ್ತಲೇ ಇದ್ದ. ತಲೆ ಎತ್ತದೆ ಹೇಳಿದ. “ಎಳ್ಳಮಾಸಿಗಿಂತ ಮೊದಲ ನನ್ನ ಗಾಡಿ ಮ್ಯಾಲ ಬಿಜಾಪುರಕ್ಕ ಕರಕೊಂಡು ಹೋಗಿದ್ದೆ. ಫ್ಯಾನ್ ತರಾಕ ಹೊಂಟೇನಿ ಅಂತ ನಿಮಗ ಸುಳ್ಳ ಹೇಳಿದ್ದ. ಎದಿ ತೋರಿಸಿದ್ವಿ. ಆಪರೇಷನ್ ತಡಾ ಮಾಡಬ್ಯಾಡ್ರಿ ಅಂದ್ರು ಡಾಕ್ಟರು. ಲಗ್ನದ ಸೀಜನ್ ಮುಗೀಲಿ ಅಂದ ಇಂವ. ನಿಮಗ ಹೇಳಬ್ಯಾಡ ಅಂತ ಆಣೆ ಹಾಕಿಸಿದ.” ಬ್ರಶ್ಶು ಕೊಡವಿ ಮತ್ತೆ ಹೇಳಿದ. “ಬ್ಯಾಸಗಿಗೆ ನಾ ಇರ್ತೇನೋ ಇಲ್ಲೋ, ಅಕೀಗೆ ತ್ರಾಸ ಆಗಬಾರದು ಅಂದಿದ್ದ. ಚ್ಯಾಷ್ಟಿ ಮಾಡ್ತಾನ ಅಂದ್ಕೊಂಡಿದ್ದೆ.”

ಅವನು ಫ್ಯಾನು ಕೂಡಿಸಿ, ಕೂಲರನ್ನು ತಾನೇ ಒಳಮನೆಗೆ ತಳ್ಳಿ, ಹೇಳದೆ ಕೇಳದೆ ಹೋದ. ಅವಳಿಗೆ ಸಿಟ್ಟು ಬರುತ್ತಿತ್ತು. ಎಷ್ಟೋ ತಿಂಗಳ ಮೇಲೆ ಒಳಗೆ ಏನೋ ಒಂದು ಆಗುತ್ತಿತ್ತು, ಅದು ಸಿಟ್ಟೇ ಆಗಿತ್ತು. ಯಂತ್ರದ ಬೇಸಿಗೆಯನ್ನು ಚಳಿಯಲ್ಲೇ ಯೋಚಿಸಿದ ಗಂಡಸು ತನ್ನ ಎದೆಯನ್ನು ಸೀಜನ್ ಮುಗಿಯಲಿ ಎಂದು ಬಿಟ್ಟನಲ್ಲ. ಹೆಂಡತಿಯೆಂದರೆ ಏನು, ಹೇಳಿದರೆ ಕೆಟ್ಟು ಹೋಗುವ ಯಂತ್ರವೇ?

ಆಮೇಲೆ ಅವಳಿಗೆ ಆ ಗೊರಗೊರ ನೆನಪಾಯಿತು.

ಮನಗೂಳಿಯ ಮದುವೆ ತೆರೆದಳು. ಕತ್ತರಿಸಿ ಬದಿಗೆ ಸರಿಸಿದ್ದ ದನಿಯ ತುಂಡುಗಳಲ್ಲಿ ಒಂದನ್ನು ಎಳೆದು ತಂದಳು. ಹೆಡ್‌ಫೋನ್ ಕಿತ್ತಿಟ್ಟು ಸ್ಪೀಕರ್ ಹಚ್ಚಿದಳು. ಕಲ್ಯಾಣ ಮಂಟಪದ ಮೆಟ್ಟಿಲು ಪರದೆಯಲ್ಲಿ ಅಲುಗಾಡುತ್ತ ಮೇಲೇರಿತು. “ನಗ್ರಿ ತಂಗೀ” ಎಂದ ಬಸವಂತರಾಯ. ಅದರ ಹಿಂದೆಯೇ ಆ ಸದ್ದು. ಅದು ಗಾಳಿಯಲ್ಲ. ಹತ್ತಲಾರದೆ ಹತ್ತುವ ಮನುಷ್ಯನ ಏದುಸಿರು, ಎಳೆದು, ನಿಂತು, ಮತ್ತೆ ಎಳೆಯುವುದು. ತನ್ನ ಕೈಯಿಂದಲೇ ಅದನ್ನು ಕಸವೆಂದು ಎಷ್ಟು ಕಡೆ ಕತ್ತರಿಸಿದ್ದಳು.

ಒಳಮನೆಯಲ್ಲಿ ರೇವವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ನಿಂತಿತು.

“ಬಸ್ಯಾ, ಮತ್ತ ದಮ್ಮ ಹತ್ತೇತೇನೋ? ಕೂಡು, ನೀರ ತಂದೆ.”

ಮುದುಕಿ ತಂಬಿಗೆ ಹಿಡಿದುಕೊಂಡು ಬಾಗಿಲಿಗೆ ಬಂದೇಬಿಟ್ಟಳು. ಬಂದವಳು ಕೋಣೆ ನೋಡಿದಳು, ಸೊಸೆಯನ್ನು ನೋಡಿದಳು, ಪರದೆಯಲ್ಲಿ ಯಾರದೋ ಮದುವೆ ನೋಡಿದಳು. ತಾನು ಏನೆಂದು ಕೂಗಿದೆ ಎಂದು ಆಗ ತಿಳಿಯಿತು ಆಕೆಗೆ. ಈ ಕೂಗು, ಈ ತಂಬಿಗೆ ಮನೆಗೆ ಹೊಸದಲ್ಲ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ತನಗೆ ಮಾತ್ರ ಹೊಸದು ಎಂದು ಮಾಲಾಳಿಗೂ ತಿಳಿಯಿತು. ಮಾಲಾ ಎದ್ದು ತಂಬಿಗೆ ಇಸಿದುಕೊಂಡಳು, ಒಂದು ಗುಟುಕು ಕುಡಿಯಲು ಹೋದಳು. ನೆಲಕ್ಕೆ ಕುಸಿದು, ಓಣಿಗೆಲ್ಲ ಕೇಳುವ ಹಾಗೆ ಅತ್ತಳು.

ರೇವವ್ವ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು. ಅಳು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಪರದೆಯ ಕಡೆ ಬೆರಳು ಮಾಡಿದಳು.

“ಇನ್ನೊಮ್ಮೆ ಹಚ್ಚವ್ವ ಅದನ್ನ.”

ಮಾಲಾ ಮೂಗು ಒರೆಸಿಕೊಂಡು ಎದ್ದು, ಇನ್ನೊಮ್ಮೆ ಹಚ್ಚಿದಳು.