ಎದುರಿನ ಗಾಲಿ

ಕಳೆದ ವಾರ ಮೊಮ್ಮಗಳು ಹೊಸ ಗಾಡಿ ಆರಿಸಲು ಹೊರಟವಳು ನನ್ನನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಗುಡ್ಡ, ಕೆಸರು ಎಲ್ಲ ಹತ್ತುವ ದೊಡ್ಡ ಗಾಡಿಯಂತೆ. ಅಂಗಡಿಯವರು ಬಾಗಿಲು ತೆಗೆದು ನನ್ನನ್ನು ಒಳಗೆ ಕೂರಿಸಿದರು. ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಅದರ ಅಡಿಯಿಂದ ಹೊಸ ರೆಕ್ಸಿನ್ನಿನ ವಾಸನೆ ಬಂತು... ಕೂರಲಾಗದೆ ಇಳಿದುಬಿಟ್ಟೆ. ತಾತನಿಗೆ ಸೆಕೆ ಆಗಿರಬೇಕು ಎಂದು ಯಾರೋ ನೀರು ತಂದುಕೊಟ್ಟರು. ಸೆಕೆಯಲ್ಲ. ಆ ವಾಸನೆ ಬಂದರೆ ನನಗೆ ಒಂದು ಗೋಣಿಚೀಲ ನೆನಪಾಗುತ್ತದೆ, ಅದರ ಹಿಂದೆಯೇ ಗಾಡಿಯಣ್ಣ ನೆನಪಾಗುತ್ತಾರೆ.

ನಮ್ಮ ಊರು ಸೊರಬ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ರಸ್ತೆಯಿಂದ ಎರಡು ಮೈಲಿ ಒಳಗೆ. ಐವತ್ತರ ದಶಕದ ಕೊನೆಯ ಮಾತು ಇದು. ಬಸ್ಸು ಹಿಡಿಯಬೇಕಾದರೆ ರಸ್ತೆಯವರೆಗೆ ಎತ್ತಿನ ಗಾಡಿಯೇ ಗತಿ. ನಮ್ಮ ಮನೆಯ ಗಾಡಿ ಹೊಡೆಯುತ್ತಿದ್ದವರನ್ನು ಊರಿಗೆ ಊರೇ ಗಾಡಿಯಣ್ಣ ಎನ್ನುತ್ತಿತ್ತು. ಅಪ್ಪಯ್ಯನ ವಾರಿಗೆಯವರು. ಆದರೂ ನಾನು ಕಾಲೇಜು ಮುಗಿಸಿ ಬಂದ ಹೊಸತರಲ್ಲಿ ಅವರನ್ನು ‘ಏ, ಬಾರೋ ಇಲ್ಲಿ’ ಎಂದೇ ಕರೆಯುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಊರಿನ ಬಸುರಿಯರನ್ನು, ಜ್ವರ ಬಂದವರನ್ನು, ಮರದಿಂದ ಬಿದ್ದವರನ್ನು ರಸ್ತೆಗೆ ಮುಟ್ಟಿಸಿದ್ದು ಅವರೇ. ಒಳಗೆ ಮಲಗಿದವರು ನರಳಿದರೆ ಎತ್ತುಗಳ ಜೊತೆ ಮೆಲ್ಲಗೆ ಮಾತಾಡುತ್ತಿದ್ದರಂತೆ. ಎತ್ತುಗಳೂ ಮೆಲ್ಲಗೆ ನಡೆಯುತ್ತಿದ್ದವಂತೆ.

ದಾರಿಯಲ್ಲಿ ಕೆರೆ ಏರಿಯ ಕೆಳಗೆ ಒಂದು ಹೊಂಡವಿತ್ತು. ಏರಿಯಿಂದ ಬಸಿದ ನೀರು ಅಲ್ಲಿ ಸೇರಿ, ಸುಡು ಬೇಸಿಗೆಯಲ್ಲೂ ಜೇಡಿಮಣ್ಣು ಬೆಣ್ಣೆಯ ಹಾಗೆ ಇರುತ್ತಿತ್ತು. ಅಲ್ಲಿ ಗಾಡಿಯಣ್ಣ ಕೆಳಗಿಳಿದು ತಾವೇ ನೊಗಕ್ಕೆ ಹೆಗಲು ಕೊಡುತ್ತಿದ್ದರು.

ಅಪ್ಪಯ್ಯ ಜೀಪು ಕೊಳ್ಳುವುದೆಂದು ನಿಶ್ಚಯಿಸಿದ್ದು ಆಗ. ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ಅನುಕೂಲ ಎಂಬುದು ಅವರ ಮಾತು. ಏಜೆಂಟರು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಕಾಗದ ಕಳಿಸಿದರು. ನಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದ ಬಂದರೆ ಅದಕ್ಕೊಂದು ಪದ್ಧತಿಯಿತ್ತು. ಅಪ್ಪಯ್ಯ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂರುವರು, ಆಳುಕಾಳು ಸಮೇತ ಎಲ್ಲರೂ ಸೇರಬೇಕು, ನಾನು ನಿಂತು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಬೇಕು. ಅಚ್ಚಾದ ಮಾತಿಗೆ ಅಪ್ಪಯ್ಯ ಎದುರಾಡುತ್ತಿರಲಿಲ್ಲ. ಅಂಥ ದಿನ ನನಗೆ ಕೋಡು ಮೂಡಿದ ಹಾಗಿರುತ್ತಿತ್ತು.

ಕಾಗದದಲ್ಲಿ ಎರಡು ಬಗೆಯ ಜೀಪು ಇದ್ದವು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಂದು ಸಾದಾ. ಬೂದು ಬಣ್ಣ, ಮೇಲೆ ಕ್ಯಾನ್ವಾಸು, ಹಿಂದೆ ಎದುರುಬದುರು ಎರಡು ಉದ್ದ ಹಲಗೆ, ನಡುವೆ ಒಬ್ಬರನ್ನು ಮಲಗಿಸಬಹುದು. ಅದರ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಇನ್ನೊಂದು ಶೋಕಿಯದು. ಕೆನೆ ಬಣ್ಣ, ಪಕ್ಕದಲ್ಲಿ ನೀಲಿ ಪಟ್ಟೆ, ಮುಖ ಕಾಣುವಷ್ಟು ಹೊಳೆಯುವ ಬಂಪರು, ಕೆಂಪು ರೆಕ್ಸಿನ್ನಿನ ಮೆತ್ತನೆ ಸೀಟು. ಅದರಲ್ಲಿ ಹಿಂದಿನ ಎರಡು ಗಾಲಿ ಮಾತ್ರ ದೂಡುತ್ತಿದ್ದವು. ಕೆಸರಿನ ದಾರಿಗೆ ಮೊದಲನೆಯದನ್ನೇ ತೆಗೆದುಕೊಳ್ಳತಕ್ಕದ್ದು ಎಂದು ಕೊನೆಯಲ್ಲಿ ಒಂದು ಸಾಲಿತ್ತು.

ಮುಂದಿನ ತಿಂಗಳು ನಾನು ಹೆಣ್ಣು ನೋಡಲು ಶಿಕಾರಿಪುರಕ್ಕೆ ಹೋಗುವುದಿತ್ತು. ವಕೀಲರ ಮನೆ. ಬೂದು ಬಣ್ಣದ ಹಲಗೆ ಗಾಡಿಯಿಂದ ಆ ಮನೆಯ ಮುಂದೆ ಇಳಿಯುವುದನ್ನು ನೆನೆಸಿಕೊಂಡೇ ನನಗೆ ಮುಖ ಸಣ್ಣದಾಯಿತು. ಕೆನೆ ಬಣ್ಣದ್ದನ್ನು ಬಾಯಿ ತುಂಬ ಹೊಗಳಿದೆ. ಕೊನೆಯ ಸಾಲನ್ನು ಓದಲೇ ಇಲ್ಲ.

ಕಂಬಕ್ಕೊರಗಿ ನಿಂತಿದ್ದ ಗಾಡಿಯಣ್ಣ ಒಂದೇ ಒಂದು ಮಾತು ಕೇಳಿದರು.

“ಸಣ್ಣಯ್ಯ, ಎದುರಿನ ಗಾಲಿನೂ ಎಳಿತೈತೆ ಅಂತ ಏನಾರ ಬರ್ದಾರಾ? ಏರಿ ಕೆಳಗಿನ ಹೊಂಡಕ್ಕೆ ಅದು ಬೇಕಾಗ್ತೈತೆ.”

ಜೀಪು ಬಂದರೆ ಅವರ ಕೆಲಸಕ್ಕೇ ಸಂಚಕಾರ. ಆದರೂ ಅವರು ಯೋಚಿಸಿದ್ದು ಹೊಂಡದ ಬಗ್ಗೆ. ನಾನು ಕಾಗದದ ಮೇಲೆ ಬೆರಳಿಟ್ಟು, ಇಲ್ಲದ ಸಾಲನ್ನು ಓದಿದೆ.

“ಎರಡೂ ಒಂದೇ ಅಂತ ಬರೆದಿದ್ದಾರೆ. ಕೆಸರಲ್ಲಿ ಎರಡೂ ಹೋಗುತ್ತಂತೆ.”

ಬರೆದಿದ್ದರೆ ಸರಿ ಎಂದು ಅವರು ತಲೆಯಾಡಿಸಿದರು. ಅಪ್ಪಯ್ಯ ಎಲೆಗೆ ಸುಣ್ಣ ಸವರಿಕೊಂಡರು. ಕೆನೆ ಬಣ್ಣದ ಜೀಪು ಬಂತು.

ಹೆಣ್ಣು ನೋಡುವ ಶಾಸ್ತ್ರ ಮುಗಿದು ಆ ಹುಡುಗಿಯೇ ನನ್ನ ಹೆಂಡತಿಯಾದಳು. ಅವತ್ತು ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದೆ, ಜೀಪು ನೋಡಲೇ ಇಲ್ಲ ಎಂದು ಆಮೇಲೆ ಹೇಳಿ ನಕ್ಕಳು. ನಾನೂ ನಕ್ಕೆ. ನಗಬಾರದಿತ್ತು... ಅಷ್ಟರಲ್ಲಿ ಅದು ನಡೆದುಹೋಗಿತ್ತು.

ಗಾಡಿಯಣ್ಣನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ನೋವು ಶುರುವಾಗಿ, ಮಗು ಅಡ್ಡ ತಿರುಗಿದೆ, ಶಿಕಾರಿಪುರಕ್ಕೆ ಒಯ್ಯಿರಿ ಎಂದಳು ಊರಿನ ಸೂಲಗಿತ್ತಿ. ಅಪ್ಪಯ್ಯ ಕೂಡಲೇ ಜೀಪು ತೆಗೆಯಲು ಹೇಳಿದರು. ಓಡಿಸುವವನು ನಾನೇ. ಅವಳನ್ನು ಎತ್ತಿ ತಂದರು. ಆಗ ನಾನು ಒಂದು ಕೆಲಸ ಮಾಡಿದೆ. ಕೊಟ್ಟಿಗೆಯಿಂದ ಗೋಣಿಚೀಲ ತರಿಸಿ, ಕೆಂಪು ಸೀಟಿನ ಮೇಲೆ ಹಾಸಿ, ಅದು ಸರಿಯಾಗಿ ಕೂರುವವರೆಗೆ ಅವಳನ್ನು ಹತ್ತಿಸಲು ಬಿಡಲಿಲ್ಲ. ಗಾಡಿಯಣ್ಣ ಮಗಳನ್ನು ತೋಳಿನಲ್ಲಿ ಹಿಡಿದುಕೊಂಡು ಕಾದರು. ಮಲಗಲು ಜಾಗವಿರಲಿಲ್ಲ. ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮುದುಡಿಕೊಂಡಳು.

ಅಲ್ಲಿಯವರೆಗೆ ಅಂಚು ಹಿಡಿದು ಹೇಗೋ ದಾಟುತ್ತಿದ್ದ ಹೊಂಡ ಹಿಂದಿನ ರಾತ್ರಿಯ ಮಳೆಗೆ ಇನ್ನೂ ಸಡಿಲವಾಗಿತ್ತು. ಎಡಕ್ಕೆ ತಗೊಳ್ಳಿ ಎಂದರು ಗಾಡಿಯಣ್ಣ. ಎಡಕ್ಕೆ ತೆಗೆದುಕೊಂಡೆ. ಎದುರಿನ ಗಾಲಿಗಳು ಮಣ್ಣಿಗೆ ಮೂಗು ತೂರಿಸಿ ಸುಮ್ಮನೆ ನಿಂತವು. ಹಿಂದಿನವು ನಿಂತಲ್ಲೇ ತಿರುಗಿ ಅಚ್ಚಿನವರೆಗೆ ಹೂತುಕೊಂಡವು. ಅವರು ತಮ್ಮ ಕಂಬಳಿಯನ್ನೇ ಗಾಲಿಯ ಅಡಿಗೆ ತುರುಕಿದರು, ಹೆಗಲು ಕೊಟ್ಟು ದೂಡಿದರು. ಆಗಲಿಲ್ಲ. ಎತ್ತು ತರುತ್ತೇನೆಂದು ಊರಿನ ಕಡೆ ಓಡಿದರು. ನಾನು ಏರಿಯ ಮೇಲೆ ನಿಂತಿದ್ದೆ. ಅವಳು ಕೂಗುವುದು ಕೇಳುತ್ತಿತ್ತು, ಓದದೆ ಬಿಟ್ಟ ಆ ಸಾಲು ಕಣ್ಣಿಗೆ ಕಟ್ಟಿದ ಹಾಗಿತ್ತು. ಅವರು ಎತ್ತು ತಂದು ಜೀಪನ್ನು ಮೇಲಕ್ಕೆಳೆಯುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು.

ಆಸ್ಪತ್ರೆಯಲ್ಲಿ ಮಗಳು ಉಳಿದಳು. ಮಗು ಉಳಿಯಲಿಲ್ಲ. ಗಂಡು. ಒಂದು ಗಂಟೆ ಮುಂಚೆ ಬಂದಿದ್ದರೆ ಎಂದು ಡಾಕ್ಟರಮ್ಮ ಅರ್ಧಕ್ಕೇ ನಿಲ್ಲಿಸಿದರು. ಗಾಡಿಯಣ್ಣ ಹೊರಗೆ ಬಂದು ಜೀಪಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಅವರ ಮೈಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆನೇನೋ. ಅವರು ಮೊಣಕೈಯ ಕೆಸರು ಕೆರೆದುಕೊಳ್ಳುತ್ತ ತಲೆಯೆತ್ತಿದರು.

“ಕಾಗದ್ದಾಗೆ ಎರಡೂ ಒಂದೇ ಅಂತ ಇತ್ತಲ್ಲ ಸಣ್ಣಯ್ಯ. ಹಂಗಾದ್ರೆ ಗಾಡಿದೇನೂ ತಪ್ಪಿಲ್ಲ. ನಾನೇ ದಾರಿ ತಪ್ಪು ಹೇಳ್ದೆ ಕಾಣ್ತೈತೆ. ಬಲಕ್ಕೆ ಅನ್ಬೇಕಿತ್ತು.”

“ಇರಬಹುದು,” ಎಂದೆ.

ಇಷ್ಟು ವರ್ಷದಲ್ಲಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಆದರೆ ಆ ಒಂದು ಮಾತಿನಷ್ಟು ಹೇಸಿಗೆ ನನಗೆ ಇನ್ನಾವುದರ ಬಗ್ಗೆಯೂ ಇಲ್ಲ.

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಅಂದಿನಿಂದ ಪ್ರತಿ ಸೋಮವಾರ ಗಾಡಿಯಣ್ಣ ಏರಿಯ ಆಚೆಯಿಂದ ತಲೆಯ ಮೇಲೆ ಕಲ್ಲು ಹೊತ್ತು ತಂದು ಹೊಂಡಕ್ಕೆ ಹಾಕತೊಡಗಿದರು. ಯಾರೂ ಹೇಳಿದ್ದಲ್ಲ. ತಮ್ಮ ತಪ್ಪಿಗೆಂದು ಮಾಡುತ್ತಿದ್ದರು. ನಾನು ಜೀಪಿನಲ್ಲಿ ಬಂದರೆ ಕಲ್ಲು ಇಳಿಸಿ, ಪಕ್ಕಕ್ಕೆ ಸರಿದು, ಬಲಕ್ಕೆ ಹೋಗಿ ಎಂದು ಕೈ ತೋರಿಸುತ್ತಿದ್ದರು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡು ಅವರ ಕಲ್ಲುಗಳ ಮೇಲೆಯೇ ಜೀಪು ಓಡಿಸಿದೆ. ಹನ್ನೊಂದು ವರ್ಷ... ಆಮೇಲೆ ಒಂದು ಸೋಮವಾರ ಅವರು ಬರಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಅಷ್ಟು ದೊಡ್ಡ ಮನೆಯವರು ಹೆಗಲು ಕೊಟ್ಟರಲ್ಲ ಎಂದು ಊರು ನನ್ನನ್ನು ಹೊಗಳಿತು.

ಈಗ ಅಲ್ಲಿ ಟಾರು ರಸ್ತೆಯಿದೆ. ನನಗೆ ಕಣ್ಣು ಮಂಜು, ಅಕ್ಷರ ಹತ್ತುವುದಿಲ್ಲ. ಶಿವಮೊಗ್ಗದಿಂದ ಬಂದ ಸಂಜೆ ಮೊಮ್ಮಗಳು ಕಂಪನಿಯ ಪುಸ್ತಕ ತೆರೆದು, ಯಾವ ಬಗೆಯದಕ್ಕೆ ಏನೇನಿದೆ ಎಂದು ಗಡಗಡನೆ ಹೇಳುತ್ತಾ ಹೋದಳು. ನಡುವೆ ನಾನು ಬಾಯಿ ಹಾಕಿದೆ.

“ಎದುರಿನ ಗಾಲಿನೂ ಎಳೆಯುತ್ತೆ ಅಂತ ಬರೆದಿದಾರಾ ಪುಟ್ಟಿ? ಸರಿಯಾಗಿ ನೋಡಿ ಹೇಳು.”

ಅವಳು ಹಾಳೆ ತಿರುಗಿಸಿದಳು. ಬರೆದಿದ್ದಾರೆ ತಾತ ಎಂದಳು. ಬರೆದಿದ್ದರೆ ಸರಿ ಎಂದು ನಾನು ತಲೆಯಾಡಿಸಿದೆ.