ಇಸ್ತ್ರಿ ಕೋಣೆಗೆ ಉಸಿರು ತುಂಬುವ ಗಾಳಿಯಕ್ಕ

ಬೆಳಗಿನ ಐದೂವರೆ. ಲಾಂಡ್ರಿಯ ಇಸ್ತ್ರಿ ಕೋಣೆಗೆ ಇನ್ನೂ ಯಾರೂ ಬಂದಿಲ್ಲ. ಹಗ್ಗದ ಮೇಲಿನ ಬಿಳಿ ಹೊದಿಕೆಗಳು ನಿದ್ದೆಯಲ್ಲಿ ಉಸಿರಾಡುವವರ ಎದೆಯಂತೆ ಮೆಲ್ಲಗೆ ಉಬ್ಬಿ ಇಳಿಯುತ್ತಿವೆ. ಕೂಲರಿನ ಹಿಂದೆ ಹೆಂಗಸೊಬ್ಬರು ಮಂಡಿಯೂರಿ, ಒದ್ದೆ ಹುಲ್ಲಿನ ಪ್ಯಾಡಿಗೆ ಕೆನ್ನೆಯೊಡ್ಡಿ ಕಣ್ಣು ಮುಚ್ಚಿದ್ದಾರೆ. ಇವರ ಬಗ್ಗೆ ಬರೆಯಲು ಬಂದ ನಾನು, ಜೊಂಪು ಹತ್ತಿತೇನೋ ಎಂದುಕೊಳ್ಳುತ್ತೇನೆ.

"ಶ್... ಗಾಳಿ ಎಳೀತಿದೆಯಾ ನೋಡ್ತಿದ್ದೀನಿ" ಎನ್ನುತ್ತಾರೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಗಾಳಿಯಕ್ಕ ಎಂದೇ. ಹದಿನಾಲ್ಕು ವರ್ಷಗಳಿಂದ ಈ ಕೋಣೆಯ ಆರು ಕೂಲರುಗಳನ್ನು ನೋಡಿಕೊಳ್ಳುತ್ತಿದ್ದಾರೆ. ದಿನಕ್ಕೆ ನಲವತ್ತು ಕೊಡ ನೀರು ಹೊರುತ್ತಾರೆ. ಹನ್ನೆರಡು ಮೇಜುಗಳಲ್ಲಿ ಇಸ್ತ್ರಿ ಮಾಡುವವರು ಇವರತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಸಿಟ್ಟು ಬರುವುದು ನನಗೆ, ಅವರಿಗಲ್ಲ.

ಇಂದು ಮಾತ್ರ ಅವರ ಮುಖ ಬಾಡಿದೆ. ನಿನ್ನೆ ಮಧ್ಯಾಹ್ನ ಮೂರನೇ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಅವರ ಸ್ವಂತ ತಂಗಿ ಸೆಕೆಗೆ ತಲೆ ತಿರುಗಿ ಬಿದ್ದರು.

"ತಪ್ಪು ನಂದೇ. ತಂಗಿ ಅಲ್ವಾ ಅಂತ ಅವಳ ಹಿಂದಿನ ಕೂಲರಿಗೆ ಮಾತ್ರ ಎರಡರಷ್ಟು ಹುಲ್ಲು ತುರುಕಿದೆ. ಗಾಳಿ ನುಗ್ಗೋಕೇ ಜಾಗ ಇಲ್ಲ! ನೀರು ಎಷ್ಟು ಸುರಿದ್ರೇನು, ಗಾಳಿ ಹಾಯದೆ ತಂಪು ಎಲ್ಲಿಂದ ಬರುತ್ತೆ? ಇವತ್ತೂ ಬಿದ್ರೆ ಮತ್ತೆ ಇಲ್ಲಿ ಕಾಲಿಡಲ್ಲ ಅಂದಿದ್ದಾಳೆ."

ಪ್ರೀತಿ ಹೆಚ್ಚಾಗಿ ಉಸಿರುಗಟ್ಟಿಸಿದ್ದು ಎಂದು ನಾನು ಛೇಡಿಸಿದರೆ ಅವರು ನಗುವುದಿಲ್ಲ. ಅರ್ಧ ಹುಲ್ಲು ಕಿತ್ತು, ಉಳಿದದ್ದನ್ನು ಬೆರಳಲ್ಲಿ ಹಗುರಾಗಿ ಕೆದರಿ ಹರಡುತ್ತಾರೆ. ಎದುರು ಗೋಡೆಯ ಕಿಟಕಿಯನ್ನು ಎರಡು ಗೇಣು ತೆರೆದು, ಅದರ ಸರಳಿಗೆ ಒಂದು ದಾರ ಕಟ್ಟುತ್ತಾರೆ. "ಒಳಗೆ ಬಂದ ಗಾಳಿ ಹೊರಗೂ ಹೋಗ್ಬೇಕು. ಹೋಗ್ತಿದ್ರೆ ಈ ದಾರ ಆಚೆಗೆ ತೇಲುತ್ತೆ. ಇಲ್ಲಾಂದ್ರೆ ತೇವ ಇಲ್ಲೇ ಕೂತು ಸೆಕೆ ಆಗುತ್ತೆ. ಹಾಗಂತ ಫ್ಯಾನು ಜೋರು ಮಾಡಿದ್ರೆ ಬಟ್ಟೆ ಮೇಲೆಲ್ಲಾ ನೀರು ಸಿಡಿಯುತ್ತೆ."

ಮಧ್ಯಾಹ್ನ ಎರಡು ಗಂಟೆ. ಹೊರಗೆ ಬೀದಿ ಬಿಸಿಲಲ್ಲಿ ನಡುಗುತ್ತಿದೆ. ಒಳಗೆ ಆವಿಯ ನಡುವೆ ದಾರ ಕಿಟಕಿಯಾಚೆಗೆ ತೇಲುತ್ತಿದೆ. ಮೂರನೇ ಮೇಜಿನಲ್ಲಿ ತಂಗಿ ನಿಂತಿದ್ದಾರೆ. ಅವರ ಹಣೆಯಲ್ಲಿ ಒಂದು ಹನಿ ಬೆವರೂ ಇಲ್ಲ. ನನಗೆ ನಿಜಕ್ಕೂ ಜೀವ ಬಂದಂತಾಗುತ್ತದೆ.

"ಅಕ್ಕಾ, ಹಾಗೆ ನುಂಗೋ ಥರ ನೋಡ್ಬೇಡ. ಬಟ್ಟೆ ಸುಟ್ಟೀನು!"

ಗಾಳಿಯಕ್ಕ ಖಾಲಿ ಕೊಡ ಎತ್ತಿಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ಕೇಳುತ್ತೇನೆ.

"ಒಂದಿನ ಇವಳು ಚಳಿ ಆಗ್ತಿದೆ ಅಂತ ನನ್ ಜೊತೆ ಜಗಳಕ್ಕೆ ಬರ್ಬೇಕು. ಅಷ್ಟೇ."